ಬಟವಾಡೆಯ ಶನಿವಾರ

ಕುಣಿಗಲ್ ಕ್ಯಾಂಪ್
೧೮-೨-೧೯೭೯, ಭಾನುವಾರ

ಯಜಮಾನರಿಗೆ ಹೊಂಬಾಳಮ್ಮ ಮಾಡುವ ನಮಸ್ಕಾರಗಳು.

ಮರಳೂರಿನಿಂದ ನೀವು ಬರೆದ ಕಾಗದ ತಲುಪಿತು. ನಿಮ್ಮ ಅಕ್ಕನ ಮನೆಯಲ್ಲಿ ಆರಾಮಾಗಿದ್ದೀರಂತೆ, ಸಂತೋಷ. ಸನ್ಮಾನದ ಫೋಟೋ ಸ್ಟುಡಿಯೋದಿಂದ ಬಿಡಿಸಿ, ಕಟ್ಟು ಹಾಕಿಸಿ ಕಳಿಸು ಎಂದಿದ್ದೀರಿ. ಓದಿ ನನಗೆ ಹೇಸಿಗೆಯಾಯಿತು. ಗಂಡನಿಗೆ ಹೀಗೆ ಬರೆಯಬಾರದು, ಆದರೆ ಬೇರೆ ಮಾತು ಸಿಗಲಿಲ್ಲ.

ನಮ್ಮ ನಾಟಕ ಕಂಪನಿಯಲ್ಲಿ ಕಲಾವಿದರ ಸಂಘ ಕಟ್ಟಿದವರು ನೀವೇ. ಗುಬ್ಬಿ ಕ್ಯಾಂಪಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು, "ಶನಿವಾರ ಬಟವಾಡೆ ಆಗಿ ವಾರದ ಸಂಬಳ ಕೈಗೆ ಬರೋಗಂಟ ಯಾರೂ ಮುಖಕ್ಕೆ ಬಣ್ಣ ಮುಟ್ಟುಸ್ಬಾರ್ದು" ಎಂದು ನಿಯಮ ಮಾಡಿದಿರಿ. ಧಣಿ ವೆಂಕಟರಂಗಯ್ಯನವರೂ ಒಪ್ಪಿಕೊಂಡರು. ಅಂದು ಅಧ್ಯಕ್ಷರ ಹೆಂಡತಿ ಎಂದು ನಾನು ಬೀಗಿದ್ದೇ ಬೀಗಿದ್ದು!

ಕುಣಿಗಲ್ಲಿಗೆ ಬಂದ ಮೇಲೆ ಕಲೆಕ್ಷನ್ ಚೆನ್ನಾಗಿಯೇ ಇತ್ತು, ಬಟವಾಡೆ ಮಾತ್ರ ನಿಂತಿತು. ಮುದುಕಿ ಪಾತ್ರದ ನಿಂಗಮ್ಮನ ಸಂಕಟ ನಿಮಗೆ ಗೊತ್ತಿತ್ತು. ಕೊತ್ತಗೆರೆಯಲ್ಲಿ ಅವಳ ಮಗಳು ತುಂಬಿದ ಬಸುರಿ. ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಬರಲು ಇವಳ ಕೈಯಲ್ಲಿ ಕಾಸಿರಲಿಲ್ಲ. ಬೀಗರು ಆಡಿಕೊಳ್ಳುತ್ತಿದ್ದರು. ಅಧ್ಯಕ್ಷರು ಕೊಡಿಸುತ್ತಾರೆ ಎಂದು ನಿಮ್ಮನ್ನೇ ನಂಬಿಕೊಂಡಿದ್ದಳು.

ಕಳೆದ ವಾರದ ಶನಿವಾರ ಬೆಲ್ ಹೊಡೆದರೂ ನಾವೆಲ್ಲ ಬರಿ ಮುಖದಲ್ಲಿ ಕೂತಿದ್ದೆವು. ಆಚೆ ಜನ ಶಿಳ್ಳೆ ಹಾಕುತ್ತಿದ್ದರು. ಇನ್ನೊಂದು ಗಳಿಗೆ ಗಟ್ಟಿಯಾಗಿ ಕೂತಿದ್ದರೆ ಸಾಕಿತ್ತು. ಅಷ್ಟರಲ್ಲಿ ಧಣಿ ನಿಮ್ಮನ್ನು ಪರದೆಯ ಮುಂದಕ್ಕೆ ಕರೆಸಿ, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟರು. ಫೋಟೋದವನನ್ನೂ ಕರೆಸಿದ್ದರು, ಅದಕ್ಕೆಲ್ಲ ದುಡ್ಡಿತ್ತು. ಈಗಲಾದರೂ ಬಾಕಿ ಕೇಳುವಿರೆಂದು ನಾನು ಪರದೆಯ ಮರೆಯಲ್ಲಿ ನಿಂತು ಕಾದೆ. ನೀವು ಮೈಕ್ ಹಿಡಿದು, "ಧಣಿಗಳು ನಮ್ ತಂದೆ ಇದ್ದಂಗೆ. ತಂದೆ ಹತ್ರ ಯಾರಾದ್ರೂ ಕೂಲಿ ಕೇಳ್ತಾರಾ?" ಎಂದಿರಿ. ಚಪ್ಪಾಳೆಯೋ ಚಪ್ಪಾಳೆ!

ಒಳಗೆ ಬಂದು, "ಇವತ್ತೊಂದಿನ ಬಣ್ಣ ಹಚ್ಕಳಿ, ಮರ್ವಾದೆ ಪ್ರಶ್ನೆ" ಎಂದಿರಿ. ಯಾರ ಮರ್ಯಾದೆ ಎಂದು ಕೇಳುವ ಧೈರ್ಯ ನಮಗೆ ಬರಲಿಲ್ಲ. ನಿಂಗಮ್ಮ ಅಳುತ್ತಲೇ ಹಚ್ಚಿಕೊಂಡಳು. ನಾನೂ ಹಚ್ಚಿಕೊಂಡೆ. ನೀವು ಪೇಟ ತೆಗೆಯದೆ ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಳ್ಳುತ್ತಿದ್ದಿರಿ. ಥೂ!

ಮಾರನೆಯ ದಿನ ಆ ಹಣ್ಣುಗಳನ್ನು ಕಟ್ಟಿಕೊಂಡು ಅಕ್ಕನ ಮನೆಗೆಂದು ತುಮಕೂರು ಬಸ್ಸು ಹತ್ತಿದಿರಿ. ಈಗ ಬಂದ ಕಾಗದದಲ್ಲೂ ನಿಂಗಮ್ಮನ ಬಗ್ಗೆ ಒಂದು ಮಾತಿಲ್ಲ. ಫೋಟೋ ನಾನು ಬಿಡಿಸುವುದಿಲ್ಲ. ಬೇಕಾದರೆ ನೀವೇ ಬಂದು ಬಿಡಿಸಿಕೊಳ್ಳಿ. ನನ್ನ ಬಿಡಾರದ ಕಡೆ ಮಾತ್ರ ಬರಬೇಡಿ.

ಇಲ್ಲಿ ಎಲ್ಲರೂ ಕ್ಷೇಮ.

ಇಂತಿ,
ಹೊಂಬಾಳಮ್ಮ

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ, ಮನಸ್ಸು ತಡೆಯಲಿಲ್ಲ. ನಿನ್ನೆ ಶನಿವಾರ ನಾವು ಹೆಂಗಸರು ಯಾರೂ ಬಣ್ಣ ಮುಟ್ಟಲಿಲ್ಲ. ಆಮೇಲೆ ಗಂಡಸರೂ ಬಂದು ಜೊತೆಗೆ ಕೂತರು. ಜನ ಟಿಕೆಟ್ಟಿನ ದುಡ್ಡು ವಾಪಸ್ ಕೇಳಲು ಶುರು ಮಾಡಿದ ಮೇಲೆ ಧಣಿ ಎಲ್ಲರ ಬಾಕಿ ಕೊಟ್ಟರು. ಎಷ್ಟಾದರೂ ಗಂಡನಲ್ಲವೇ, ನಿಮ್ಮದನ್ನೂ ಕೇಳಿದೆ. ಧಣಿ ಎಲ್ಲರೆದುರು ನಕ್ಕುಬಿಟ್ಟರು. "ನಿನ್ ಗಂಡುಂದು ಪೇಟ ಹಾಕೋಕ್ ಮುಂಚೇನೇ ಪೂರ್ತಿ ಚುಕ್ತಾ ಆಗೈತಲ್ಲಮ್ಮ!"

ನಿಂಗಮ್ಮ ನನ್ನ ಕಡೆ ತಿರುಗಿ, "ನಿಂಗೂ ಗೊತ್ತಿತ್ತೇನೇ?" ಎಂದಳು. ಇಲ್ಲವೆಂದೆ. ನಂಬಲಿಲ್ಲ. ಬೆಳಿಗ್ಗೆ ನನಗೊಂದು ಮಾತೂ ಹೇಳದೆ ಕೊತ್ತಗೆರೆಗೆ ಹೊರಟುಹೋದಳು.