ಅತ್ತಿಗೆಯ ಪಾಲಿನ ಹಾಲು

ಮಾರ್ಚ್ 3, ಸಂಜೆ

ಅಕ್ಷರ ಸೊಟ್ಟ, ಕಾಗುಣಿತ ತಪ್ಪು. ಕ್ಷಮಿಸಬೇಕು — ಯಾರನ್ನು ಕೇಳುತ್ತಿದ್ದೇನೋ. ಐದನೇ ಕ್ಲಾಸಿಗೇ ನಿಂತ ಕೈ. ಹೊಲಿಗೆ ಮೆಷಿನ್ ಮೇಲೆ ಮಾತ್ರ ನೆಟ್ಟಗೆ ಓಡುತ್ತದೆ.

ಇವತ್ತೂ ಅತ್ತಿಗೆಯ ಲೋಟ ನಾನೇ ಕುಡಿದೆ. ದೊಡ್ಡಮ್ಮ ಅತ್ತ ತಿರುಗಿದ್ದೇ ತಡ, ನನ್ನ ಬರೀ ಹಾಲು ಅತ್ತಿಗೆಗೆ, ಅಶ್ವಗಂಧದ ಪುಡಿ ಕದಡಿದ್ದು ನನಗೆ. ಕಹಿ. "ಸೊಸೆ ಸೊರಗಿ ಹೋಗಿದ್ದಾಳೆ, ಕುಡಿದರೆ ಮೈಕೈ ತುಂಬಿಕೊಳ್ತಾಳೆ" ಎಂದು ದೊಡ್ಡಮ್ಮನೇ ಬೇರು ತಂದು ಕುಟ್ಟಿದ್ದು.

ಸೊರಗಿದ್ದಲ್ಲ. ಅತ್ತಿಗೆ ಬಸುರಿ. ಕ್ಲಿನಿಕ್ಕಿಗೆ ಜೊತೆಯಲ್ಲಿ ಹೋದವಳು ನಾನು. ನರ್ಸ್ ಹೇಳಿದ್ದು ಕಿವಿಯಲ್ಲೇ ಇದೆ — "ಬೇರು, ಪುಡಿ ಏನೂ ಬೇಡ. ಅಶ್ವಗಂಧ ಅಂತೂ ಬೇಡವೇ ಬೇಡ. ಗರ್ಭಕ್ಕೆ ಅಪಾಯ ಆಗಬಹುದು."

ದೊಡ್ಡಮ್ಮನಿಗೆ ಹೇಳಿಬಿಡೋಣ ಅಂದೆ. ಅತ್ತಿಗೆ ಕೈ ಹಿಡಿದುಕೊಂಡರು. "ಹೋದ ಸಲ ಎಲ್ಲರಿಗೂ ಹೇಳಿದೆ. ಆಮೇಲೆ ಹೋಯ್ತು. ಬಂದವರೆಲ್ಲ ಅತ್ತು ಹೋದರು. ಈ ಸಲ ಬಾಯಿ ಬಿಡಬೇಡ. ನಿಮ್ಮಣ್ಣನ ಹತ್ರಾನೂ."

ಮಾರ್ಚ್ 6

ಹೊಟ್ಟೆ ಕೆಟ್ಟಿದೆ. ಟೈಲರ್ ಅಂಗಡಿಯಲ್ಲಿ ಮೆಷಿನ್ ಮುಂದೆ ತೂಕಡಿಕೆ. ಶರ್ಟಿನ ತೋಳಿಗೆ ಜೇಬು ಹೊಲಿದೆ. ಮಾಸ್ಟರ್ ಎತ್ತಿ ತೋರಿಸಿದರು — "ಏನಮ್ಮಾ, ಗಿರಾಕಿ ಕಂಕುಳಲ್ಲಿ ಚಿಲ್ಲರೆ ಇಟ್ಕೋಬೇಕಾ?" ಎಲ್ಲರೂ ನಕ್ಕರು. ಜೇಬಿನ ಹೊಲಿಗೆ ಬಿಚ್ಚತೊಡಗಿದೆ.

ಮಾರ್ಚ್ 7

ದೊಡ್ಡಮ್ಮ ನನ್ನ ಮುಖ ನೋಡಿ, "ನಿನಗೂ ನಿಶ್ಶಕ್ತಿ ಕಣೇ" ಅಂದರು. ನಾಳೆಯಿಂದ ನನ್ನ ಲೋಟಕ್ಕೂ ಪುಡಿಯಂತೆ.

ಎರಡರಲ್ಲೂ ಪುಡಿ. ಯಾವುದಕ್ಕೆ ಯಾವುದನ್ನು ಬದಲಿಸಲಿ...

ಮಾರ್ಚ್ 8

ದೊಡ್ಡಮ್ಮ ಎದುರಿಗೇ ಕೂತರು. ಅತ್ತಿಗೆ ಬಾಯಿಗಿಟ್ಟರು, ಬಚ್ಚಲಿಗೆ ಓಡಿ ಉಗುಳಿದರು. ಒಂದು ಗುಟುಕು ಒಳಗೆ ಹೋಯಿತೇನೋ ಎಂದು ಆಗಿನಿಂದ ಗೋಡೆಗೊರಗಿ ಕೂತಿದ್ದಾರೆ.

ಮಾರ್ಚ್ 9, ಬೆಳಿಗ್ಗೆ

ದೊಡ್ಡಮ್ಮ ಪುಡಿ ಡಬ್ಬಿಗೆ ಚಮಚ ಹಾಕಿದರು. ಕೈ ಹಿಡಿದೆ. ಅವರ ಕೈ ನಾನು ಯಾವತ್ತೂ ತಡೆದವಳಲ್ಲ.

"ಅತ್ತಿಗೆಗೆ ಬೇಡ ದೊಡ್ಡಮ್ಮ."

"ಯಾಕೆ?"

ಅತ್ತಿಗೆಯನ್ನು ನೋಡಿದೆ. ದೊಡ್ಡಮ್ಮನೂ ನೋಡಿದರು.

"ಎಷ್ಟು ತಿಂಗಳು?"

ಅತ್ತಿಗೆ ಎರಡು ಬೆರಳು ತೋರಿಸಿದರು.

"ಬಸುರಿಗೆ ಇದನ್ನ ಕೊಡ್ತಾರೇನೇ? ನನ್ನ ಕೈಯಲ್ಲೇ..." ಪುಡಿಯನ್ನು ಡಬ್ಬಿಗೇ ಸುರಿದು ಮುಚ್ಚಳ ಒತ್ತಿದರು. "ಕುಡಿದುಬಿಟ್ಟೆಯಾ?"

"ಎಲ್ಲ ಇವಳೇ ಕುಡಿದಳು ಅತ್ತೆ. ನಿನ್ನೆ ಮಾತ್ರ... ಉಗುಳಿದೆ. ಒಂದು ಗುಟುಕು ಹೋಗಿರಬಹುದು."

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಅದಕ್ಕೇ ಕೋಳಿ ಹಾಗೆ ತೂಕಡಿಸ್ತಿದ್ದೆಯಾ, ಪೆದ್ದಿ." ಬೈದರೋ, ಅತ್ತರೋ ತಿಳಿಯಲಿಲ್ಲ. ಒಲೆ ಆರಿಸಿದರು. "ನಡಿ, ಕ್ಲಿನಿಕ್ಕಿಗೆ. ಕೊಟ್ಟವಳು ನಾನು. ನಾನೇ ಹೇಳ್ತೀನಿ."

ಕ್ಲಿನಿಕ್ಕಿನ ಬಾಗಿಲು ತೆಗೆಯಲು ಇನ್ನೂ ಹೊತ್ತಿದೆ. ಆಗಲೇ ಮೂವರೂ ಹೊರಟು ಕೂತಿದ್ದೇವೆ. ದೊಡ್ಡಮ್ಮನ ಚಪ್ಪಲಿಯ ಪಟ್ಟಿ ಕಿತ್ತಿತ್ತು. ದಪ್ಪ ದಾರ ಹಾಕಿ ಹೊಲಿದುಕೊಟ್ಟೆ.