ಬೀಗ ಬಿದ್ದ ಲೌಂಜು

ಮಾರ್ಚ್ ೧೨, ಗುರುವಾರ

ಏರ್‌ಪೋರ್ಟಿನ ಲೌಂಜಿಗೆ ಬೀಗ! ಮುಂಚೆ ಒಂದು ಮಾತು ಹೇಳಿದವರಿಲ್ಲ. "ಪರ್ಮನೆಂಟಾಗಿ ಮುಚ್ಚಿದಾರೆ ಮೇಡಂ," ಎಂದು ಕೌಂಟರಿನವನು ಲೌಂಜಿಗೆ ಬಿಡಿಸುವ ನನ್ನ ವಿಮಾನ ಕಂಪನಿಯ ಗೋಲ್ಡ್ ಕಾರ್ಡನ್ನು ಹಳೇ ಬಸ್ ಟಿಕೆಟ್ಟಿನಂತೆ ವಾಪಸ್ ಕೊಟ್ಟ. ಮೈಯೆಲ್ಲ ಉರಿದುಹೋಯಿತು. ಹೆಚ್ಚು ಹಾರಿದಷ್ಟೂ ಸಿಗುವ ಆ ಕಾರ್ಡಿನ ಪಾಯಿಂಟಿಗಾಗಿಯೇ ನೇರ ವಿಮಾನ ಬಿಟ್ಟು, ನಡುವೆ ಇನ್ನೊಂದು ಊರಲ್ಲಿ ಇಳಿದು ಹತ್ತಿ, ಸುತ್ತಿ ಬಳಸಿ ಮನೆಗೆ ಬರುವವಳು ನಾನು. ಇವತ್ತು ಟಾಯ್ಲೆಟ್ಟಿನ ಪಕ್ಕ ನೆಲದ ಮೇಲೆ ಕೂತು ಫೋನಿನಲ್ಲೇ ಗಿರಾಕಿಯ ಜೊತೆ ಮೀಟಿಂಗ್ ಮಾಡಿದೆ. ನಾನು ರೇಟು ಹೇಳುವಾಗಲೇ ಹಿಂದೆ ಫ್ಲಶ್ಶಿನ ಸದ್ದು!

ಮನೆಗೆ ಬಂದು ಕೂಗಾಡಿದೆ. ಗಂಡ ಟಿವಿಯ ಸದ್ದು ಜಾಸ್ತಿ ಮಾಡಿದ. ಮಗಳು ಮಾತ್ರ ಕಣ್ಣರಳಿಸಿ, "ಹಾಗಾದ್ರೆ ಇನ್ಮೇಲೆ ನೇರ ವಿಮಾನದಲ್ಲೇ ಬರ್ತೀಯಾ ಅಮ್ಮಾ?" ಅಂದಳು.

'ಹೂಂ' ಅನ್ನಬಹುದಿತ್ತು. ಅಷ್ಟರಲ್ಲಿ ನನ್ನ ತಲೆ, ಬೇರೆ ಕಂಪನಿಯ ಕಾರ್ಡಿಗೆ ಎಷ್ಟು ಪಾಯಿಂಟ್ ಬೇಕು ಅಂತ ಲೆಕ್ಕ ಹಾಕುತ್ತಿತ್ತು. ಥೂ, ಈ ತಲೆಗೂ ಯಾರಾದರೂ ಒಂದು ಬೀಗ ಜಡಿಯಬಾರದೇ!