ಕಾಲರ್ ಆದ ಪುಟ

ಮಾರ್ಚ್ ೪, ಮಂಗಳವಾರ

ಬೆಳಗ್ಗೆಯಿಂದ ಗುಂಡಿಗೆ ಹದಿನೆಂಟು ಕಾಜಾ ಹೊಲಿದೆ. ಕಣ್ಣು ಮಂಜು. ಮಗಳ ಹೊಲಿಗೆ ಮೆಷಿನ್ ನಿಂತೇ ಇಲ್ಲ. ವಾರಪತ್ರಿಕೆ ಬಂತು — ಬಟ್ಟೆ ಕೊಡಲು ಬಂದ ಹೆಂಗಸರು ಕಾಯುವಾಗ ಓದಲಿ ಎಂದು ಅವಳು ತರಿಸುವುದು. ಮುಖಪುಟದಲ್ಲೇ ‘ಗಂಡನನ್ನು ಕಟ್ಟಿಹಾಕುವ ಹತ್ತು ಗುಟ್ಟು’. ಗಂಡನೇನು ದನವೇ! ಒಳಗೆ, ಹೆಂಗಸರು ಬರೆದು ಕೇಳುವ ಗಂಡ-ಹೆಂಡಿರ ವಿಷಯಕ್ಕೆ ಉತ್ತರ ಕೊಡುವ ಆ ‘ಡಾಕ್ಟರ್ ಆಪ್ತ ಸಲಹೆ’ ಪುಟ. ಓದಲಿಲ್ಲ, ಹರಿದೆ. ಈಚೆಗೆ ಪ್ರತಿ ವಾರ ಇದೇ ಕೆಲಸ. ಮೊಮ್ಮಗಳಿಗೆ ಹದಿಮೂರು, ಸಿಕ್ಕಿದ್ದೆಲ್ಲ ಓದುತ್ತಾಳೆ. ಕಾಗದ ಗಟ್ಟಿ. ಕಾಲರ್ ಅಳತೆಗೆ ಕತ್ತರಿಸಿ, ಮಾದರಿಗೆಂದು ಮೆಷಿನ್ ಮೇಲಿನ ಗೋಡೆಯ ಮೊಳೆಗೆ ಸಿಕ್ಕಿಸಿದೆ.

ಮಾರ್ಚ್ ೨೬

ಮಗಳು ಕೇಳಿದಳು, “ಅಮ್ಮಾ, ಆ ಡಾಕ್ಟರ್ ಪುಟ ಈಗ ಬರ್ತಾನೇ ಇಲ್ವಲ್ಲ?”

“ನಿಲ್ಲಿಸಿದಾರಂತೆ. ನಿನಗ್ಯಾಕೆ? ಮದುವೆಯಾಗಿ ಹದಿನೈದು ವರ್ಷ ಆಯ್ತು, ಇನ್ನೂ ಟ್ಯೂಷನ್ ಬೇಕಾ?”

ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನನಗೆ ಹೆಮ್ಮೆ. ಮಗಳು ತಲೆ ಎತ್ತಲಿಲ್ಲ.

ಅಕ್ಟೋಬರ್ ೯

ಮಗಳು ಮೆಷಿನ್ ಮೇಲೆಯೇ ಕುಸಿದಳು. ಕುರ್ಚಿಯೆಲ್ಲ ರಕ್ತ. ಅಳಿಯ ಎತ್ತಿಕೊಂಡು ಓಡಿದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, “ಎಷ್ಟು ದಿನದಿಂದ ಹೀಗೆ?” ಎಂದರು. ಮಗಳು ನನ್ನ ಮುಖ ನೋಡಿದಳು. ನನ್ನನ್ನು ಹೊರಗೆ ಕಳಿಸಿದರು. ಆಮೇಲೆ ಹೇಳಿದಳಂತೆ.

ಅಕ್ಟೋಬರ್ ೧೭

ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್. ಹರಡಿದೆಯಂತೆ. ಆಪರೇಷನ್ ಆಗದು, ರೇಡಿಯೇಷನ್ ಅಂತೆ, ಕರೆಂಟ್ ಕೊಡುತ್ತಾರಂತೆ. ಮೊದಲೇ ಬಂದಿದ್ದರೆ... ಎಂದು ಡಾಕ್ಟರಮ್ಮ ಚೀಟಿ ಬರೆಯತೊಡಗಿದರು.

ಮಗಳು ನನ್ನ ಕೈ ಹಿಡಿದು, “ಫೆಬ್ರವರೀಲೇ ಆ ಪತ್ರಿಕೆಗೆ ಬರೆದಿದ್ದೆ ಕಣಮ್ಮ. ಹೆಸರು ಹಾಕದೆ. ಉತ್ತರ ಬರ್ಲೇ ಇಲ್ಲ. ಸುಮ್ನೆ ಏನೋ ಸಣ್ಣದು ಅಂದ್ಕೊಂಡೆ” ಎಂದಳು.

ಕೈ ಬಿಡಿಸಿಕೊಂಡು ಮನೆಗೆ ಬಂದೆ.

ಅದೇ ದಿನ, ಮಧ್ಯಾಹ್ನ ಮೂರು

ಮೊಳೆಯಿಂದ ಎಲ್ಲ ಕಾಗದ ಇಳಿಸಿದೆ. ಆರನೆಯ ಕಾಲರ್. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ‘ವಯಸ್ಸು ಮೂವತ್ತೆಂಟು, ಹೊಲಿಗೆ ಕೆಲಸ. ಗಂಡ ಹತ್ತಿರ ಬಂದಾಗಲೆಲ್ಲ ರಕ್ತ ಕಾಣುತ್ತದೆ. ಮನೆಯಲ್ಲಿ ಹೇಳಲು ಅಂಜಿಕೆ, ಅಮ್ಮನ ಬಾಯಿ ಜೋರು.’ ಕೆಳಗೆ ಉತ್ತರ. ‘ಈ ವಾರವೇ ಹೆಂಗಸರ ಡಾಕ್ಟರಿಗೆ ತೋರಿಸಿ. ಕಾಯಬೇಡಿ. ಇದು...’ ಮುಂದಿನದನ್ನು ನನ್ನ ಕತ್ತರಿ ತಿಂದಿದೆ.

ಏಳು ತಿಂಗಳು. ಅವಳ ತಲೆಯ ಮೇಲೇ ತೂಗಾಡುತ್ತಿತ್ತು. ಗೋಡೆಗೆ ಮುಖ ಮಾಡಿಕೊಂಡು.

ನವೆಂಬರ್ ೨೮

ಕರೆಂಟ್ ಮುಗಿಯಿತು. ಫಲ ಕಾಣಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದರು. ಎಲ್ಲರಿಗೂ ಅರ್ಥವಾಯಿತು, ಅವಳಿಗೂ.

ಡಿಸೆಂಬರ್ ೬

ಇನ್ನು ತಡೆಯಲಾಗಲಿಲ್ಲ. “ಉತ್ತರ ಬಂದಿತ್ತು ಕಣೇ. ನಾನೇ ಹರಿದೆ” ಎಂದೆ.

ಬೈಯಲಿ ಎಂದು ಕಾದೆ. ಬೈಯಲೂ ಶಕ್ತಿ ಬೇಕಲ್ಲ.

“ಏನಂತ ಬರೆದಿದ್ರು?”

ಹೇಳಿದೆ. ಕಣ್ಣು ಮುಚ್ಚಿದಳು. “ಮಗು ಏನ್ ಕೇಳಿದ್ರೂ ಹೇಳಮ್ಮ. ಅವಳನ್ನ ನಗೆಪಾಟಲು ಮಾಡ್ಬೇಡ” ಎಂದಳು.

ಡಿಸೆಂಬರ್ ೮

ಶಾಲೆಯಿಂದ ಬಂದ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡೆ. ರೋಗ ಎಲ್ಲಿ ಬಂತು, ಹೇಗೆ ಗೊತ್ತಾಗುತ್ತದೆ, ಎಲ್ಲ ಹೇಳಿದೆ. ಹುಟ್ಟಿದ ಮೇಲೆ ಆ ಮಾತುಗಳನ್ನು ಬಾಯಲ್ಲಿ ಆಡಿದ್ದು ಇದೇ ಮೊದಲು. ನಾಲಿಗೆಯೇನೂ ಉದುರಲಿಲ್ಲ.

“ಇನ್ನೇನಾದ್ರೂ ಇದ್ರೆ ಕೇಳು ಪುಟ್ಟಾ.”

ಉಗುರು ಕಚ್ಚುತ್ತಾ ಕೇಳಿದಳು, “ಅಜ್ಜಿ, ಅಮ್ಮ ನಿಂಗೆ ಮುಂಚೇನೇ ಯಾಕೆ ಹೇಳ್ಲಿಲ್ಲ?”

ನಾನು ಆ ಕಾಲರ್ ಕಾಗದ ತಂದು ಅವಳ ಕೈಗಿಟ್ಟು, “ಅಮ್ಮನ ಬಾಯಿ ಜೋರು ಅಂತ ಬರೆದಿದ್ದಾಳಲ್ಲ, ಆ ಅಮ್ಮ ನಾನೇ ಪುಟ್ಟಾ, ಓದು” ಎಂದೆ.